ಪಂಜರದ ಮೊಲಕ್ಕೆ ಕಸರತ್ತು

ಮೊಲಕ್ಕೂ ಫಿಸಿಯೋಥೆರಪಿಯೇ ಎಂದು ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಹಿಂಗಾಲಿನ ಸ್ವಾಧೀನ ತಪ್ಪಿ, ಮುಂಗಾಲಲ್ಲೇ ಮೈ ಎಳೆದುಕೊಂಡು ಹೋಗುವ ಮೊಲವನ್ನು ಕಂಡವರು ಯಾರೂ ನಗುವುದಿಲ್ಲ. ನನ್ನ ತಕರಾರು ಬೇರೆ. ಬೆಂಗಳೂರಿನಂಥ ಊರುಗಳ ಮನೆಗಳಲ್ಲಿ ನಡೆಯುವ ಈ ಆರೈಕೆ ಬಹಳಷ್ಟು ಸಲ ಕಾಲನ್ನು ಹಿಡಿದುಕೊಂಡು ಹೊಟ್ಟೆಯನ್ನು ಮರೆಯುತ್ತದೆ. ಹತ್ತು ನಿಮಿಷ ಕಾಲು ಮಡಚಿ ಬಿಡಿಸಿ, ದಿನದ ಉಳಿದ ಹೊತ್ತೆಲ್ಲ ಎರಡಡಿ ಪಂಜರದಲ್ಲಿ ಒಂದು ಬಟ್ಟಲು ಪೆಲೆಟ್ ಮುಂದೆ ಕೂರಿಸಿದರೆ ಆ ಹತ್ತು ನಿಮಿಷ ದಂಡ.

ಮೊಲದ ಕಾಲು ಸೋಲುವುದಕ್ಕೆ ಅದರ ಮೈಕಟ್ಟಿನಲ್ಲೇ ಅರ್ಧ ಕಾರಣವಿದೆ. ಅದರ ಎಲುಬುಗಳ ಒಟ್ಟು ತೂಕ ಮೈತೂಕದ ಶೇಕಡಾ 8ರ ಆಸುಪಾಸು. ಬೆಕ್ಕಿನದ್ದು ಶೇಕಡಾ 12ರ ಮೇಲೆ. ಅಷ್ಟು ಹಗುರ ಮೂಳೆಗೆ ಅಂಟಿಕೊಂಡಿರುವ ತೊಡೆಯ ಮಾಂಸಕ್ಕೆ ಮಾತ್ರ ಭಾರಿ ಬಲ. ಮಕ್ಕಳು ಹಿಂಭಾಗಕ್ಕೆ ಕೈಕೊಡದೆ ಎತ್ತಿಕೊಂಡಾಗ ಅದು ಗಾಬರಿಯಿಂದ ಒದೆಯುತ್ತದೆ. ಒದ್ದ ರಭಸಕ್ಕೆ ತನ್ನ ಬೆನ್ನನ್ನು ತಾನೇ, ಹೆಚ್ಚಾಗಿ ಸೊಂಟದ ಏಳನೇ ಕಶೇರುಕದ ಹತ್ತಿರ, ಮುರಿದುಕೊಳ್ಳುತ್ತದೆ. ಎನ್ಸೆಫಲಿಟೊಜೂನ್ ಕ್ಯುನಿಕ್ಯುಲಿ ಎಂಬ ಸೂಕ್ಷ್ಮ ಪರೋಪಜೀವಿ ನರಮಂಡಲಕ್ಕೆ ಸೇರಿಕೊಂಡು ಕತ್ತು ವಾಲಿಸುತ್ತದೆ, ಹಿಂಗಾಲು ಕೆಡಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ 28 ದಿನ ಫೆನ್‌ಬೆಂಡಜೋಲ್ ಕೊಡುತ್ತಾರೆ. ನುಣ್ಣನೆಯ ಟೈಲ್ಸ್ ಮೇಲೆ ಬೆಳೆದ ಮರಿಗಳ ಕಾಲು ಪಕ್ಕಕ್ಕೆ ಜಾರಿ ಜಾರಿ ಹಾಗೆಯೇ ಬಲಿಯುವುದುಂಟು. ಮುದಿ ಮೊಲಗಳಿಗೆ ಸಂಧಿವಾತ. ಪಾದದಲ್ಲಿ ನಾಯಿಗಿರುವಂಥ ಮೆತ್ತೆ ಮೊಲಕ್ಕಿಲ್ಲ, ಬರೀ ಕೂದಲು. ತಂತಿಬಲೆಯ ಮೇಲೆ ಕೂತವಕ್ಕೆ ಆ ಕೂದಲು ಸವೆದು ಹುಣ್ಣು.

ಒಂದೊಂದಕ್ಕೂ ಆರೈಕೆ ಬೇರೆ. ಮುರಿದ ಬೆನ್ನಿಗೆ ಮೊದಲು ಬೇಕಾದದ್ದು ಅಲುಗಾಡದ ವಿಶ್ರಾಂತಿ ಮತ್ತು ನೋವಿನ ಔಷಧಿ. ಎಕ್ಸ್‌ರೇ ತೆಗೆಸುವ ಮೊದಲೇ ಮೊಬೈಲಿನಲ್ಲಿ ಕಂಡ ಸೈಕಲ್ ತುಳಿಸುವ ವ್ಯಾಯಾಮವನ್ನು ಶುರು ಮಾಡುವವರನ್ನು ನೋಡಿದರೆ ಭಯವಾಗುತ್ತದೆ.

ಸರಿಯಾಗಿ ಮಾಡಿದಾಗ ಈ ಚಿಕಿತ್ಸೆ ಹೇಗಿರುತ್ತದೆ ಎಂಬುದನ್ನು ಪರಿಚಯದವರ ಮನೆಯಲ್ಲಿ ಕಂಡಿದ್ದೇನೆ. ನೆಲಕ್ಕೆ ಯೋಗ ಮ್ಯಾಟ್ ಹಾಸಿ, ಟವೆಲನ್ನು ಸುರುಳಿ ಸುತ್ತಿ ಮೊಲದ ಹೊಟ್ಟೆಯಡಿ ಇಟ್ಟು, ನಾಲ್ಕೂ ಪಾದ ನೆಲಕ್ಕೂರುವಂತೆ ನಿಲ್ಲಿಸಿದ್ದರು. ಮನೆಯಾಕೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ತೊಡೆಗೆ ಒತ್ತಿಟ್ಟು, ಆಮೇಲೆ ಬೆರಳು, ಹಿಮ್ಮಡಿ, ಮಂಡಿ, ಸೊಂಟ ಎಂದು ಒಂದೊಂದೇ ಕೀಲನ್ನು ಅದು ಬಂದಷ್ಟೇ ಮಡಚಿ ಬಿಟ್ಟರು. ಅಲ್ಲಿಯವರೆಗೆ ಅದು ಯಾರಾದರೂ ಕಲಿಯಬಹುದಾದ ಕೆಲಸ. ಮುಂದಿನದಕ್ಕೆ ಬುದ್ಧಿ ಬೇಕಿತ್ತು. ಕೊತ್ತಂಬರಿ ಕಡ್ಡಿಯೊಂದನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ಎಡಕ್ಕೆ ಒಯ್ದರು. ಕತ್ತು ತಿರುಗಿತು, ಮೈಭಾರ ಎಡಗಡೆಯ ಹಿಂಗಾಲಿಗೆ ಬಿತ್ತು, ತೊಡೆ ಸಣ್ಣಗೆ ನಡುಗಿತು. ಆಮೇಲೆ ಬಲಕ್ಕೆ. ಆಮೇಲೆ ತುಸು ಮೇಲಕ್ಕೆ. ಕೊನೆಗೆ ಕಡ್ಡಿ ಮೊಲದ ಬಾಯಿಗೆ ಹೋಯಿತು. ಅಷ್ಟು ಹೊತ್ತೂ ಯಾರೂ ಕಾಲು ಮುಟ್ಟಿರಲಿಲ್ಲ. ಕಾಲು ತಾನಾಗಿಯೇ ದುಡಿದಿತ್ತು.

ಈ ಚಿಕಿತ್ಸೆಯಲ್ಲಿ ನಾನು ಪೂರ್ಣ ಅಂಕ ಕೊಡುವುದು ಈ ಭಾಗಕ್ಕೆ. ಮೊಲಕ್ಕೆ ಮೇಯುವುದೇ ದಿನವಿಡೀ ನಡೆಯುವ ವ್ಯಾಯಾಮ. ಅದರ 28 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತವೆ. ಮುಂದಿನವು ವಾರಕ್ಕೆ ಸುಮಾರು 2 ಮಿಲಿಮೀಟರ್. ಹುಲ್ಲನ್ನು ಅದು ದವಡೆ ಅಡ್ಡಡ್ಡ ಆಡಿಸಿ ಅರೆಯುತ್ತದೆ, ಹುಲ್ಲಿನ ಸಿಲಿಕಾ ಹಲ್ಲನ್ನು ತೇಯುತ್ತದೆ. ಪೆಲೆಟ್ಟನ್ನು ಕಟಕಟ ಕಚ್ಚಿ ನುಂಗಿದರೆ ಆ ಅರೆತವೂ ಇಲ್ಲ, ತೇಯ್ತವೂ ಇಲ್ಲ. ಕರುಳು ಓಡುವುದಕ್ಕೂ ಒರಟು ನಾರು ಬೇಕು, ಮೈಯ ಓಡಾಟ ಬೇಕು. ಎರಡೂ ನಿಂತರೆ ಕರುಳೂ ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ, ನಾಳೆ ನೋಡೋಣ ಎನ್ನುವಂತಿಲ್ಲ.

ಕಾಲಿಗೂ ಹೊಟ್ಟೆಗೂ ಇನ್ನೊಂದು ನಂಟಿದೆ, ಅಷ್ಟೇನೂ ಚೆಂದದ್ದಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಣ ಗುಂಡುಗಳು ಎಲ್ಲರಿಗೂ ಗೊತ್ತು. ಇನ್ನೊಂದು ಪುಟ್ಟ ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆ. ಪ್ರೋಟೀನು, ಬಿ ವಿಟಮಿನ್ನು ತುಂಬಿದ ಅದನ್ನು ಮೊಲ ಬಗ್ಗಿ ನೇರವಾಗಿ ಬಾಯಿಗೇ ತೆಗೆದುಕೊಳ್ಳುತ್ತದೆ. ಬೆನ್ನು ಬಗ್ಗದ ಮೊಲಕ್ಕೆ ಅದು ಎಟುಕುವುದಿಲ್ಲ. ಅದು ಅಲ್ಲೇ ಮೆತ್ತಿಕೊಂಡು, ಮೂತ್ರ ಸೇರಿ ಚರ್ಮ ಬೆಂದು, ಮಳೆಗಾಲದಲ್ಲಿ ನೊಣ ಕೂತು ಹುಳವಾಗುತ್ತದೆ. ಪೆಲೆಟ್ಟು, ಬಾಳೆಹಣ್ಣು, ಬಿಸ್ಕತ್ತು ಕೊಟ್ಟಷ್ಟೂ ಇದು ಹೆಚ್ಚುತ್ತದೆ, ಮೈಯೂ ಬೊಜ್ಜಾಗುತ್ತದೆ. ಆ ಬೊಜ್ಜನ್ನು ಹೊರಬೇಕಾದ್ದು ಅದೇ ಸೋತ ಕಾಲು. ಹಿಂಭಾಗವನ್ನು ದಿನಕ್ಕೆರಡು ಸಲ ನೋಡಿ ಒರೆಸುವುದನ್ನು ಫಿಸಿಯೋಥೆರಪಿ ಎಂದು ಯಾರೂ ಕರೆಯುವುದಿಲ್ಲ. ಕರೆಯಬೇಕಿತ್ತು.

ಹಾಗಾದರೆ ನಾವು ಪೆಲೆಟ್ಟಿಗೆ ಯಾಕೆ ಇಷ್ಟು ಜೋತುಬಿದ್ದೆವು? ಮೊಲ ಸಾಕಣೆಯ ತಿಳಿವಳಿಕೆ ನಮ್ಮಲ್ಲಿ ಬಹುಮಟ್ಟಿಗೆ ಬಂದದ್ದು ಮಾಂಸ, ಉಣ್ಣೆಗೆ ಸಾಕುವ ಫಾರಂಗಳಿಂದ. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕನಾಲ್ ಹತ್ತಿರದ ಮನ್ನವನೂರಿನಲ್ಲಿರುವ ಅದರ ಕೇಂದ್ರ, ಅಲ್ಲಿನ ಸೋವಿಯತ್ ಚಿಂಚಿಲ್ಲಾ, ವೈಟ್ ಜಯಂಟ್ ತಳಿಗಳು: ಅವರ ಲೆಕ್ಕ ಅವರಿಗೆ ಸರಿ. ಮೂರು ತಿಂಗಳಲ್ಲಿ ಎರಡು ಕಿಲೋ ತೂಗಬೇಕಾದ ಮೊಲಕ್ಕೆ ಗಟ್ಟಿ ಆಹಾರ ಬೇಕು. ಎಂಟು-ಹತ್ತು ವರ್ಷ ಬಾಳಬೇಕಾದ ಮನೆಯ ಮೊಲಕ್ಕೂ ಅದನ್ನೇ ಬಟ್ಟಲು ತುಂಬ ಸುರಿಯುವುದು ಶುದ್ಧ ಅಪದ್ಧ. ಬೆಳೆದ ಮೊಲಕ್ಕೆ ಕಿಲೋ ಮೈತೂಕಕ್ಕೆ ದಿನಕ್ಕೆ 25 ಗ್ರಾಂ ಪೆಲೆಟ್ ಧಾರಾಳವಾಯಿತು. ಊಟದಲ್ಲಿ ಹತ್ತಕ್ಕೆ ಎಂಟು ಪಾಲು ಹುಲ್ಲೇ ಇರಬೇಕು.

ಹುಲ್ಲು ಎಂದೊಡನೆ ಪರದೇಶದ ಟಿಮೊಥಿಯ ದುಬಾರಿ ಪೊಟ್ಟಣವೇ ಬೇಕೆಂದು ಪಟ್ಟು ಹಿಡಿಯುವವರಿದ್ದಾರೆ. ಔಷಧಿ ಹೊಡೆಯದ ಜಾಗದ ಗರಿಕೆ, ಒಣಗಿಸಿದ ಗಿನಿ ಹುಲ್ಲು, ರೋಡ್ಸ್ ಹುಲ್ಲು ಏನು ಪಾಪ ಮಾಡಿವೆ? ಕುದುರೆಮಸಾಲೆ ಬೆಳೆಯುವ ಮರಿಗಳಿಗೆ ಒಳ್ಳೆಯದು, ದೊಡ್ಡವಕ್ಕೆ ಬೇಡ. ಮೊಲದ ಕರುಳು ಸಿಕ್ಕ ಕ್ಯಾಲ್ಸಿಯಮ್ಮನ್ನೆಲ್ಲ ಹೀರಿಕೊಳ್ಳುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಇಳಿಯುತ್ತದೆ, ಓಡಾಡದ ಮೊಲದ ಮೂತ್ರಚೀಲದಲ್ಲಿ ಅದು ಕೆಸರಾಗಿ ತಂಗುತ್ತದೆ. ಸೊಪ್ಪಿನಲ್ಲಿ ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು ಸರಿ, ಪಾಲಕ್ ಅಪರೂಪಕ್ಕೆ. ಇನ್ನು ಕ್ಯಾರೆಟ್. 1940ರಲ್ಲಿ ಬಗ್ಸ್ ಬನಿ ಪರದೆಯ ಮೇಲೆ ಅದನ್ನು ಮೆಲ್ಲತೊಡಗಿದಾಗಿನಿಂದ ಜಗತ್ತಿನ ಮೊಲಗಳಿಗೆಲ್ಲ ಸಕ್ಕರೆಯ ಶಿಕ್ಷೆ. ಒಂದು ಬಿಲ್ಲೆ ಸಾಕು.

ಫಿಸಿಯೋಥೆರಪಿಯ ಇನ್ನೊಂದು ಕೊರತೆ, ಅದು ಬಹುಪಾಲು ನಾಯಿಗಳ ಚಿಕಿತ್ಸೆಯಿಂದ ಎತ್ತಿಕೊಂಡು ಬಂದದ್ದು. ನೋವಾದರೆ ನಾಯಿ ಕುಂಯ್‌ಗುಟ್ಟುತ್ತದೆ. ಬೇಟೆಯಾಗುವ ಪ್ರಾಣಿಯಾದ ಮೊಲ ಮರಗಟ್ಟಿ ಕೂರುತ್ತದೆ. ಮೊಲವನ್ನು ಅಂಗಾತ ಮಲಗಿಸಿ, 'ನೋಡಿ, ಎಷ್ಟು ಹಾಯಾಗಿದೆ' ಎನ್ನುವ ವೀಡಿಯೊಗಳು ಬೇಕಾದಷ್ಟಿವೆ. ಅದು ಹಾಯಲ್ಲ, ಸಾವು ಮೈಮೇಲೆ ಬಂದಾಗಿನ ಜಡತ್ವ. ಆ ಭಂಗಿಯಲ್ಲಿ ಮಾಡಿಸುವ ಕಸರತ್ತನ್ನು ನಾನು ಒಪ್ಪುವುದಿಲ್ಲ. ಮೊಲದ ಮುಖದಿಂದ ನೋವು ಓದುವ ಅಳತೆಗೋಲೊಂದು 2012ರಲ್ಲೇ ಪ್ರಕಟವಾಗಿದೆ: ಕಿರಿದಾದ ಕಣ್ಣು, ಚಪ್ಪಟೆಯಾದ ಕೆನ್ನೆ, ಮೂಗಿನ ಹೊಳ್ಳೆಯ ಆಕಾರ, ಮೀಸೆ, ಕಿವಿ. ಕಾಲು ಹಿಡಿಯುವವರು ಮೊದಲು ಇದನ್ನು ಕಲಿಯಲಿ. ನೀರಿನಲ್ಲಿ ಈಜಿಸುವ ಚಿಕಿತ್ಸೆಯನ್ನಂತೂ ಪಳಗಿದ ಕೈಗಳಿಗೇ ಬಿಡಬೇಕು. ದಟ್ಟ ತುಪ್ಪುಳ ಬೇಗ ಒಣಗುವುದಿಲ್ಲ, ಗಾಬರಿಯಲ್ಲಿ ಒದ್ದರೆ ಮತ್ತೆ ಬೆನ್ನಿಗೇ ಪೆಟ್ಟು.

ಹಿಂಗಾಲಿಗೆ ಕಟ್ಟುವ ಪುಟ್ಟ ಗಾಲಿಗಾಡಿಯ ಬಗ್ಗೆ ನನಗೆ ಅರೆಮನಸ್ಸು. ಮೊಲ ಅದರಲ್ಲಿ ಓಡಾಡುವುದನ್ನು ನೋಡಲು ಖುಷಿ, ಆದರೆ ಮಲಗಲು, ಬಗ್ಗಲು ಅದು ಬಿಡುವುದಿಲ್ಲ. ಎದುರಿಗೆ ಕೂತು ಸ್ವಲ್ಪ ಹೊತ್ತು ಕಟ್ಟಿ ಬಿಚ್ಚುವುದಾದರೆ ಸರಿ. ಅದೇ ಹಣಕ್ಕೆ ಜಾರದ ಮ್ಯಾಟುಗಳನ್ನು ಕೊಂಡು ಒಂದು ಕೋಣೆಯನ್ನೇ ಬಿಟ್ಟುಕೊಟ್ಟರೆ ಲಾಭ ಹೆಚ್ಚು. ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕೆಂದು ಬ್ರಿಟನ್ನಿನ ಮೊಲ ಕ್ಷೇಮ ಸಂಘದವರು ಹೇಳುತ್ತಾರೆ. ನಮ್ಮ ಫ್ಲ್ಯಾಟುಗಳಲ್ಲಿ ಅದೊಂದು ಮಲಗುವ ಕೋಣೆಯೇ ಆಯಿತು. ನಿಜ, ಕಷ್ಟ. ಆದರೆ ಅಷ್ಟು ಜಾಗವಿದ್ದರೆ ಹುಲ್ಲನ್ನು ನಾಲ್ಕು ಕಡೆ ಹರಡಬಹುದು, ಒಂದು ಕಂತೆಯನ್ನು ಕತ್ತೆತ್ತಿ ಎಳೆಯುವ ಎತ್ತರಕ್ಕೆ ಕಟ್ಟಬಹುದು.

ಫ್ರಿಜ್ಜಿನ ಮೇಲೆ ಅಂಟಿಸಿರುವ ವ್ಯಾಯಾಮದ ಪಟ್ಟಿಗಳಲ್ಲಿ ಯಾವ ಕೀಲನ್ನು ಎಷ್ಟು ಸಲ ಆಡಿಸಬೇಕು ಎಂಬ ಕಾಲಂ ಇರುತ್ತದೆ, ಹಿಕ್ಕೆಯ ಕಾಲಂ ಇರುವುದಿಲ್ಲ. ಬೆಳಗ್ಗೆ ಎಷ್ಟು ಹಿಕ್ಕೆ, ಯಾವ ಗಾತ್ರದ್ದು ಎಂದು ಮೊದಲು ಬರೆಯಲಿ. ವ್ಯಾಯಾಮ ಮುಗಿಸಿ ಕೆಳಗಿಳಿಸಿದ ಮೊಲ ಸ್ವಲ್ಪ ಹೊತ್ತಿನಲ್ಲೇ ಹುಲ್ಲಿಗೆ ಬಾಯಿ ಹಾಕದಿದ್ದರೆ ಅಂದಿನ ಕಸರತ್ತು ಹೆಚ್ಚಾಗಿದೆ; ಮಾರನೆಯ ದಿನ ಅರ್ಧಕ್ಕಿಳಿಸಬೇಕು. ರಾತ್ರಿಯೂ ಮುಟ್ಟದಿದ್ದರೆ ವ್ಯಾಯಾಮದ ಮಾತು ಬಿಟ್ಟು ಡಾಕ್ಟರ ಹತ್ತಿರ ಓಡಬೇಕು.