ವಿಧಿಯ ತಲೆಗೆ ಕಟ್ಟಿದ ಎರಡು ಸಾವುಗಳು

ಎಡ್ಗರ್ ಜಿ. ಉಲ್ಮರ್ ನಿರ್ದೇಶಿಸಿದ ‘ಡಿಟೂರ್’ (1945) ಚಿತ್ರದ ಬಗ್ಗೆ ಬರೆಯುವವರು ಮೊದಲು ಅದರ ಬಡತನದ ಬಗ್ಗೆ ಬರೆಯುತ್ತಾರೆ. ಅಗ್ಗದ ಚಿತ್ರಗಳಿಗೇ ಹೆಸರಾಗಿದ್ದ ಪಿಆರ್‌ಸಿ ಎಂಬ ಹಾಲಿವುಡ್ ಕಂಪನಿ ಇದನ್ನು ನಿರ್ಮಿಸಿತು. ಅವಧಿ 70 ನಿಮಿಷವೂ ಇಲ್ಲ. ಆರು ದಿನಗಳಲ್ಲಿ ಚಿತ್ರೀಕರಣ ಮುಗಿಸಿದೆ ಎಂದು ಉಲ್ಮರ್ ಮುಂದೆ ಹೇಳಿಕೊಂಡರು. ಸಂಶೋಧಕರು ಆ ಮಾತನ್ನು ಪೂರ್ತಿ ಒಪ್ಪಿಲ್ಲ. ಅಂಥ ಚಿತ್ರ 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು. ಬಡತನವನ್ನು ಗೆದ್ದ ಕಲೆ ಎಂದು ಅದನ್ನು ಹೊಗಳುವುದು ವಾಡಿಕೆ. ಆದರೆ ಈ ಬಡತನದಿಂದ ಚಿತ್ರದೊಳಗೆ ಯಾರಿಗೆ ಲಾಭ ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ.

ಕತೆ ಸರಳ. ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಪಿಯಾನೋ ನುಡಿಸುವ ಆಲ್ ರಾಬರ್ಟ್ಸ್ (ಟಾಮ್ ನೀಲ್), ಹಾಲಿವುಡ್‌ಗೆ ಹೋದ ಪ್ರೇಯಸಿ ಸ್ಯೂಳನ್ನು ಸೇರಲು ಲಿಫ್ಟ್ ಕೇಳುತ್ತಾ ದೇಶದ ಈ ತುದಿಯಿಂದ ಆ ತುದಿಗೆ ಹೊರಡುತ್ತಾನೆ. ಹ್ಯಾಸ್ಕೆಲ್ ಎಂಬವನು ಕಾರಿಗೆ ಹತ್ತಿಸಿಕೊಳ್ಳುತ್ತಾನೆ. ಮಳೆ ಬಂದಾಗ ಮಲಗಿದ್ದವನನ್ನು ಎಬ್ಬಿಸಿದರೆ ಏಳುವುದಿಲ್ಲ. ರಾಬರ್ಟ್ಸ್ ಬಾಗಿಲು ತೆರೆದಾಗ ಹ್ಯಾಸ್ಕೆಲ್ ಹೊರಗೆ ಉರುಳುತ್ತಾನೆ, ತಲೆ ಕಲ್ಲಿಗೆ ಬಡಿಯುತ್ತದೆ. ರಾಬರ್ಟ್ಸ್ ಹೆಣವನ್ನು ಬಚ್ಚಿಟ್ಟು ಸತ್ತವನ ಬಟ್ಟೆ, ದುಡ್ಡು, ಕಾರು, ಹೆಸರು ಎಲ್ಲವನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಮುಂದೆ ವೆರಾ (ಆನ್ ಸ್ಯಾವೇಜ್) ಎಂಬ ಹೆಂಗಸಿಗೆ ಲಿಫ್ಟ್ ಕೊಡುತ್ತಾನೆ. ಅವಳು ಹ್ಯಾಸ್ಕೆಲ್‌ನನ್ನು ಕಂಡವಳು. ಹೆದರಿಸಿ ಇವನನ್ನು ಕೈಯಲ್ಲಿಟ್ಟುಕೊಳ್ಳುತ್ತಾಳೆ. ಕೊನೆಗೆ ಲಾಸ್ ಏಂಜಲೀಸ್‌ನ ಬಾಡಿಗೆ ಮನೆಯಲ್ಲಿ ಅವಳೂ ಇವನ ಕೈಯಿಂದಲೇ ಸಾಯುತ್ತಾಳೆ, ಅದೂ ‘ಆಕಸ್ಮಿಕ’ವಾಗಿ.

ಇದೆಲ್ಲ ನಮಗೆ ತಿಳಿಯುವುದು ರಾಬರ್ಟ್ಸ್‌ನ ಬಾಯಿಂದ ಮಾತ್ರ. ಅವನ ಮಾತನ್ನು ಪೂರ್ತಿ ನಂಬುವಂತಿಲ್ಲ ಎಂದು ವಿಮರ್ಶಕರು ಹಿಂದೆಯೇ ಹೇಳಿದ್ದಾರೆ. ನಾನು ಸೇರಿಸಬಯಸುವುದು ಇಷ್ಟು: ನಿರ್ಮಾಪಕರ ಬಳಿ ಹಣವಿಲ್ಲದ್ದರಿಂದ ತೋರಿಸಲಾಗದ್ದೂ ರಾಬರ್ಟ್ಸ್ ಹೇಳಲೊಲ್ಲದ್ದೂ ಈ ಚಿತ್ರದಲ್ಲಿ ಒಂದರೊಳಗೊಂದು ಬೆರೆತುಹೋಗಿವೆ.

ನ್ಯೂಯಾರ್ಕಿನ ಬೀದಿಯಲ್ಲಿ ಅವನೂ ಸ್ಯೂಳೂ ನಡೆಯುವ ದೃಶ್ಯದಲ್ಲಿ ದಟ್ಟ ಮಂಜು. ಬೀದಿಯ ಸೆಟ್ ಕಟ್ಟುವ ಖರ್ಚು ಉಳಿಯಿತು, ನಿಜ. ಆದರೆ ತನಗೆ ಬೇಕಾದಷ್ಟನ್ನೇ ನೆನಪಿಟ್ಟುಕೊಂಡವನ ಊರೂ ಹೀಗೇ ಇರುತ್ತದೆ. ಲಿಫ್ಟ್ ಕೇಳುವ ಕೆಲವು ದೃಶ್ಯಗಳಲ್ಲಿ ಕಾರುಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ, ಚಾಲಕ ಬಲಗಡೆ ಕೂತಿರುತ್ತಾನೆ. ನಮ್ಮ ರಸ್ತೆಗಳಿಗೆ ಒಗ್ಗಿದ ಕಣ್ಣಿಗೆ ಅಲ್ಲಿ ತಪ್ಪಿದೆಯೆಂದು ಹೊಳೆಯುವುದೇ ಇಲ್ಲ. ಅಮೆರಿಕದಲ್ಲಿ ಅದು ತಲೆಕೆಳಗು. ಪಶ್ಚಿಮದ ಪ್ರಯಾಣ ಪರದೆಯ ಮೇಲೆ ಬಲದಿಂದ ಎಡಕ್ಕೆ ಸಾಗಲೆಂದು ಚಿತ್ರಿಕೆಗಳನ್ನೇ ತಿರುವಿಹಾಕಿದ್ದಾರೆ ಎಂಬುದು ಸಾಮಾನ್ಯ ವಿವರಣೆ. ದಿಕ್ಕು ಸರಿಯಾಗಿದೆ, ಲೋಕ ತಿರುವುಮುರುವಾಗಿದೆ. ರಾಬರ್ಟ್ಸ್‌ನ ಹೇಳಿಕೆಯ ಗುಣವೂ ಇದೇ.

ಇದೆಲ್ಲ ಅವಸರದ ಫಲ, ಇದರಲ್ಲಿ ಅರ್ಥ ಹುಡುಕಬೇಡಿ ಎನ್ನಬಹುದು. ಆದರೆ ಚಿತ್ರ ಶುರುವಾಗುವ ಹೋಟೆಲಿನ ದೃಶ್ಯ ನೋಡಿ. ಅವನ ನೆನಪು ಬಿಚ್ಚಿಕೊಳ್ಳುವ ಮುನ್ನ ಸುತ್ತಲ ಬೆಳಕು ಆರಿ, ಕಣ್ಣುಗಳ ಮೇಲಷ್ಟೇ ಒಂದು ಬೆಳಕಿನ ಪಟ್ಟಿ ಉಳಿಯುತ್ತದೆ. ಇನ್ನು ಮುಂದೆ ಕಾಣುವುದು ಈ ಕಣ್ಣುಗಳು ಕಂಡದ್ದು ಮಾತ್ರ ಎಂದು ಉಲ್ಮರ್ ಮೊದಲೇ ಸೂಚಿಸಿದ್ದಾರೆ.

ಪಲಾಯನದ ಕತೆಯಲ್ಲಿ ಬೆನ್ನಟ್ಟುವವರು ಇರಬೇಕು. ಇಲ್ಲಿ ಯಾರೂ ಇಲ್ಲ. ಹ್ಯಾಸ್ಕೆಲ್ ಸತ್ತ ಜಾಗಕ್ಕೆ ಪೊಲೀಸನೊಬ್ಬ ಬರುತ್ತಾನೆ, ಕಾರನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿದ್ದಕ್ಕೆ ಗದರಿ ಬಿಟ್ಟುಬಿಡುತ್ತಾನೆ. ಕ್ಯಾಲಿಫೋರ್ನಿಯಾದ ಗಡಿಯ ತಪಾಸಣೆಯಲ್ಲೂ ಸಲೀಸಾಗಿ ದಾಟುತ್ತಾನೆ. ನಿಜ ಹೇಳಲು ಅವಕಾಶ ಸಿಕ್ಕಾಗಲೂ ಅವನದು ಒಂದೇ ಮಾತು: ನನ್ನನ್ನು ಯಾರು ನಂಬುತ್ತಾರೆ? ದುಡ್ಡಿಲ್ಲದವನ ಮಾತಿಗೆ ಪೊಲೀಸ್ ಠಾಣೆಯಲ್ಲಿ ಬೆಲೆಯಿಲ್ಲ ಎಂಬ ಅವನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಭಯ ಹೆಣದ ಜೇಬಿಗೆ ಕೈಹಾಕಲು ಅಡ್ಡಿಯಾಗಲಿಲ್ಲ. ಬಾಗಿಲು ತೆರೆದದ್ದು ಅವನು, ಟೆಲಿಫೋನಿನ ತಂತಿ ಎಳೆದದ್ದು ಅವನು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಹೊಣೆ ಮಾತ್ರ ವಿಧಿಯದು.

ಈ ಓದು ಯಾಕೆ ಮುಖ್ಯವೆಂದರೆ, ವೆರಾಳಿಗೆ ನ್ಯಾಯ ಸಿಗಬಹುದಾದದ್ದು ಇದರಲ್ಲೇ. ವಿಧಿಯ ಕತೆಯೆಂದು ಓದಿದರೆ ಅವಳು ಗಂಡಸಿನ ಬದುಕು ಹಾಳುಮಾಡಲು ಬಂದ ಮಾರಿ. ಹೇಳಿಕೆಯೆಂದು ಓದಿದರೆ ಬೇರೊಬ್ಬಳು ಕಾಣುತ್ತಾಳೆ: ಕೈಯಲ್ಲಿ ಕಾಸಿಲ್ಲದವಳು, ಕೆಮ್ಮುವವಳು, ಕಾರಿಗೆ ಹತ್ತಿಸಿಕೊಂಡವನು ಮೈಮೇಲೆ ಬಂದಾಗ ಪರಚಿ ತಪ್ಪಿಸಿಕೊಂಡವಳು. ಹ್ಯಾಸ್ಕೆಲ್‌ನ ಕೈಮೇಲಿದ್ದದ್ದು ಅವಳ ಉಗುರಿನ ಗಾಯವೇ. ರಾಬರ್ಟ್ಸ್‌ನನ್ನು ಎದುರಿಗೇ ನಂಬದವಳು ಅವಳೊಬ್ಬಳು. ನಾವು ಕೇಳಬೇಕಿದ್ದ ಪ್ರಶ್ನೆಯನ್ನು ಅವಳು ಕೇಳುತ್ತಾಳೆ, ಸಾಯುತ್ತಾಳೆ.

ಟೆಲಿಫೋನ್ ಚಿತ್ರದಲ್ಲಿ ಎರಡು ಸಲ ಮುಖ್ಯವಾಗುತ್ತದೆ. ಮೊದಲ ಸಲ ರಾಬರ್ಟ್ಸ್ ಸ್ಯೂಳಿಗೆ ಕರೆ ಮಾಡುತ್ತಾನೆ. ರಿಸೀವರ್ ಹಿಡಿದ ಸ್ಯೂ ಕಾಣುತ್ತಾಳೆ, ಅವಳ ಮಾತು ನಮಗೆ ಕೇಳುವುದಿಲ್ಲ. ಎರಡನೆಯ ಸಲ ವೆರಾ ಕುಡಿದು, ಫೋನ್ ಹಿಡಿದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಪೊಲೀಸರಿಗೆ ಕರೆ ಹೋಗದಿರಲೆಂದು ಇವನು ಬಾಗಿಲ ಈಚೆಯಿಂದ ತಂತಿ ಎಳೆಯುತ್ತಾನೆ. ಅದು ಅವಳ ಕೊರಳಿಗೆ ಸುತ್ತಿಕೊಂಡಿರುತ್ತದೆ. ಒಬ್ಬಳ ದನಿ ನಮ್ಮನ್ನು ತಲುಪಲಿಲ್ಲ, ಇನ್ನೊಬ್ಬಳ ಉಸಿರೇ ನಿಂತಿತು. ಉಳಿದದ್ದು ರಾಬರ್ಟ್ಸ್‌ನ ದನಿಯೊಂದೇ.

ಕೊನೆಯಲ್ಲಿ ಪೊಲೀಸ್ ಕಾರು ಬಂದು ಅವನನ್ನು ಹತ್ತಿಸಿಕೊಳ್ಳುತ್ತದೆ. ಅಪರಾಧಿಗೆ ಶಿಕ್ಷೆ ತಪ್ಪಬಾರದೆಂಬುದು ಆ ಕಾಲದ ಹಾಲಿವುಡ್ ನಿಯಮ. ಅದು ನಡೆದದ್ದೋ, ಅವನು ಊಹಿಸಿಕೊಂಡದ್ದೋ ಎಂದು ಚಿತ್ರ ಖಚಿತಪಡಿಸುವುದಿಲ್ಲ. ವಿಧಿ ಯಾವ ಕಾರಣವೂ ಇಲ್ಲದೆ ಯಾರ ಮೇಲಾದರೂ ಬೆರಳಿಡಬಲ್ಲದು ಎಂಬರ್ಥದ ಮಾತನ್ನು ಅವನು ಅಲ್ಲೂ ಬಿಡುವುದಿಲ್ಲ. ನೋಡುವ ನಮ್ಮನ್ನೂ ಅದರಲ್ಲಿ ಸೇರಿಸಿಕೊಳ್ಳುತ್ತಾನೆ. ‘ಅಯ್ಯೋ ಪಾಪ’ ಅನ್ನಿಸುವುದು ಆಗಲೇ. ಅವನ ಮೇಲೆ ಕನಿಕರಪಡಲು ಅಡ್ಡಿಯಿಲ್ಲ. ಆದರೆ ಆ ಕನಿಕರದಲ್ಲಿ ವೆರಾಳಿಗೂ ಪಾಲಿರಬೇಕು. ರಾಬರ್ಟ್ಸ್ ಅದನ್ನು ಕೊಡುವುದಿಲ್ಲ, ನೋಡುವವರೇ ಕೊಡಬೇಕು.