ನಾಲ್ಕನೇ ಸ್ಟೇಜಿನವರಿಗೆ ಕನ್ನಡದಲ್ಲಿ ಏನಿದೆ?

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ಸೀರೆ ಅಂಗಡಿಯ ಕೈಚೀಲದಿಂದ ಫೈಲು ತೆಗೆದು ನನ್ನ ಕೈಗಿಟ್ಟ. "ಇದರಾಗ ಏನ್ ಬರದಾರ ನೋಡ್ರಿ ಸರ. ಅವ್ವಗ ಮಾತ್ರ ಹೇಳಬ್ಯಾಡ್ರಿ." ಅವ್ವ ನಾಲ್ಕು ಮಾರು ದೂರದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಅದು ಅವ್ವನ ಸ್ತನ ಕ್ಯಾನ್ಸರಿನ ರಿಪೋರ್ಟು: ಇ.ಆರ್., ಪಿ.ಆರ್. ಎದುರು ಪಾಸಿಟಿವ್, ಹರ್-2 ಎದುರು 1+. ಇಡೀ ಹಾಳೆಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ.

ಚಿಕಿತ್ಸೆಯ ದಾರಿ ಇರುವುದು ಆ ಮೂರು ಸಾಲಿನಲ್ಲೇ. ಇ.ಆರ್. ಪಾಸಿಟಿವ್ ಎಂದರೆ ಗಂಟು ಹೆಣ್ಣು ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು. ಆ ಹಾರ್ಮೋನನ್ನು ತಡೆಯುವ ಗುಳಿಗೆಗಳು ಹರಡಿದ ಕಾಯಿಲೆಯನ್ನೂ ಹಲವರಲ್ಲಿ ವರ್ಷಗಟ್ಟಲೆ ಹಿಡಿದಿಡುತ್ತವೆ. ಹರ್-2 ಎಂಬ ಪ್ರೋಟೀನಿನ ಎದುರು 3+ ಬಂದರೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಇದೆ. ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದರ ಅಗ್ಗದ ರೂಪವನ್ನು ಮಾರುಕಟ್ಟೆಗೆ ತಂದಿತು. 2+ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು. ಇಷ್ಟನ್ನು ಆ ಹುಡುಗನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಕನ್ನಡದಲ್ಲಿ ಆರೋಗ್ಯ ಬರವಣಿಗೆಗೇನೂ ಬರವಿಲ್ಲ. ಡಾ. ಅನುಪಮಾ ನಿರಂಜನ 'ತಾಯಿ-ಮಗು', 'ವಧುವಿಗೆ ಕಿವಿಮಾತು' ಬರೆದು ಹೆಣ್ಣುಮಕ್ಕಳ ದೇಹದ ಮಾತನ್ನು ಮನೆಯೊಳಗೆ ತಂದರು. 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಸ್ತನ ಕ್ಯಾನ್ಸರನ್ನು ಸ್ವತಃ ಅನುಭವಿಸಿದವರ ಕಥನ. ಆದರೆ ನಮ್ಮ ಕರಪತ್ರ, ಅಕ್ಟೋಬರ್ ತಿಂಗಳ ಸ್ತನ ಕ್ಯಾನ್ಸರ್ ಜಾಗೃತಿ ಜಾಥಾ, ಪತ್ರಿಕೆಗಳ ಪುರವಣಿ ಬಹುಪಾಲು 'ಬೇಗ ಪತ್ತೆಯಾದರೆ ಗುಣ' ಎನ್ನುವಲ್ಲಿಗೆ ನಿಂತುಬಿಡುತ್ತವೆ. ಮಾತು ನಿಜವೇ. ತಡವಾಗಿ ಗೊತ್ತಾದವಳು ಓದಿದರೆ ಮಾತ್ರ ಅದು ಬೈಗುಳದಂತೆ ಕೇಳುತ್ತದೆ. ಎಲುಬಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ, ಅಂದರೆ ನಾಲ್ಕನೇ ಸ್ಟೇಜಿನಲ್ಲಿ, ಪೂರ್ತಿ ಗುಣವಾಗುವುದು ವಿರಳ, ಆದರೂ ಹತೋಟಿಯಲ್ಲಿಟ್ಟು ಬದುಕಬಹುದು: ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಬರಹವನ್ನೇ ನಾನು ನಂಬಲರ್ಹ ಎನ್ನುತ್ತೇನೆ. ಅಂಥದ್ದು ಕೈಗೆ ಸಿಗದಿದ್ದಾಗ ವಾಟ್ಸಾಪಿನ ಕಷಾಯ ಬರುತ್ತದೆ. 'ಸೂಜಿ ಚುಚ್ಚಿದ್ದಕ್ಕೇ ಹರಡಿತು' ಎನ್ನುವವರೂ ಬರುತ್ತಾರೆ. ಆ ಮಾತಿಗೆ ಆಧಾರವಿಲ್ಲ. ಸೂಜಿ ಹಾಕಿ ತುಣುಕು ತೆಗೆಯದಿದ್ದರೆ ಆ ಮೂರು ಸಾಲೇ ಸಿಗುತ್ತಿರಲಿಲ್ಲ.

ಚಿಕಿತ್ಸೆಯ ದುಡ್ಡಿನ ಮಾತಿಗೆ ಬಂದರೆ, ಬಡವರಿಗೆಂದು ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಈಗ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. 2025ರ ಮೇನಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲೂ ಶುರುವಾಯಿತು. ದುಡ್ಡಿಗೆ, ದಾರಿಗೆ ಇಷ್ಟಾದರೂ ಏರ್ಪಾಡಾಗಿದೆ. ತಿಳಿವಳಿಕೆಗೆ ಆಗಿಲ್ಲ.

'ಅವ್ವಗ ಹೇಳಬ್ಯಾಡ್ರಿ' ಎಂಬ ಪದ್ಧತಿಯನ್ನೂ ನಾನು ಒಪ್ಪಲಾರೆ. ಅದು ಪ್ರೀತಿಯಿಂದ ಬಂದದ್ದು, ಗೊತ್ತು. ಆದರೆ ತನಗೇನಾಗಿದೆ ಎಂದು ತಿಳಿಯದವಳು ಯಾವ ಚಿಕಿತ್ಸೆ ಬೇಕು, ಯಾವುದು ಸಾಕು ಎಂದು ಹೇಗೆ ಹೇಳಿಯಾಳು? ಎಲುಬಿನ ನೋವಿಗೆ ಮಾರ್ಫಿನ್ ಗುಳಿಗೆ ಉಂಟೆಂದು ಯಾರನ್ನು ಕೇಳಿಯಾಳು?

ಕ್ಯಾನ್ಸರ್ ನೋಡುವ ಡಾಕ್ಟರರಲ್ಲಿ ನನ್ನದೊಂದು ಕೇಳಿಕೆ. ರಿಪೋರ್ಟಿನ ಆ ಮೂರು ಸಾಲುಗಳ ಕೆಳಗೆ ನಿಮ್ಮ ಕೈಯಾರೆ ಕನ್ನಡದಲ್ಲಿ ಮೂರು ಸಾಲು ಬರೆಯಿರಿ. ಬರೆದದ್ದನ್ನು ಅವ್ವನ ಕೈಗೇ ಕೊಡಿ.