ಶಂಕರ್ ನಾಗ್: ಜನಮನದ ಐತಿಹ್ಯ ಮತ್ತು ನಿರ್ದೇಶಕನ ಕೃತಿ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆದವರು ಶಂಕರ್ ನಾಗ್ (1954–1990) ಅವರನ್ನು ಸಾಮಾನ್ಯವಾಗಿ ಎರಡು ಪಾಲು ಮಾಡಿ ನೋಡುತ್ತಾರೆ. ‘ಮಿಂಚಿನ ಓಟ’, ‘ಆಕ್ಸಿಡೆಂಟ್’, ‘ಮಾಲ್ಗುಡಿ ಡೇಸ್’ಗಳ ನಿರ್ದೇಶಕ ಒಂದು ಕಡೆ, ಹೊಡೆದಾಟದ ಚಿತ್ರಗಳಲ್ಲಿ ಬಿಡುವಿಲ್ಲದೆ ಕಾಣಿಸಿಕೊಂಡ ‘ಕರಾಟೆ ಕಿಂಗ್’ ಇನ್ನೊಂದು ಕಡೆ. ಮೊದಲನೆಯವರಿಗೆ ಗೌರವ, ಎರಡನೆಯವರ ಬಗ್ಗೆ ಒಂದಿಷ್ಟು ಸಮಜಾಯಿಷಿ. ತಮ್ಮ ಚಿತ್ರಗಳಿಗೆ ಹಣ ಹೊಂದಿಸಲು ಅವರು ಅಂಥ ಪಾತ್ರಗಳನ್ನು ಒಪ್ಪಿಕೊಂಡರು ಎಂಬುದು ಆ ಸಮಜಾಯಿಷಿಯ ಸಾರ. ಜನರ ನೆನಪು ಈ ಪಾಲನ್ನು ಒಪ್ಪಿದಂತೆ ತೋರುವುದಿಲ್ಲ. ಆಟೊರಿಕ್ಷಾಗಳ ಬೆನ್ನಿನ ಮೇಲೆ, ನಿಲ್ದಾಣಗಳ ನಾಮಫಲಕದ ಮೇಲೆ, ಅವರು ತೀರಿಕೊಂಡ ಮೇಲೆ ಹುಟ್ಟಿದ ಚಾಲಕರ ಬಾಯಲ್ಲಿ ಉಳಿದಿರುವ ‘ಶಂಕ್ರಣ್ಣ’ ಒಬ್ಬರೇ. ಆ ಒಬ್ಬರನ್ನು ಜನರು ಹೇಗೆ ಕಟ್ಟಿಕೊಂಡರು, ಕಟ್ಟುವಾಗ ಯಾವುದನ್ನು ಉಳಿಸಿಕೊಂಡು ಯಾವುದನ್ನು ಕೈಬಿಟ್ಟರು ಎಂಬುದು ಜಾನಪದ ಅಧ್ಯಯನಕ್ಕೆ ಸೇರಿದ ಪ್ರಶ್ನೆ. ಚಲನಚಿತ್ರ ವಿಮರ್ಶೆ ಇದನ್ನು ಇದುವರೆಗೆ ಅಭಿಮಾನದ ಅತಿರೇಕವೆಂದು ಬದಿಗೆ ಸರಿಸಿದೆ.

ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ 1954ರ ನವೆಂಬರ್ 9ರಂದು ಜನಿಸಿದ ಶಂಕರ್ ನಾಗ್ ಅವರ ಮನೆಮಾತು ಕೊಂಕಣಿ. ಮುಂಬಯಿ ಸೇರಿದ ಮೇಲೆ ಅವರಿಗೆ ರಂಗಭೂಮಿಯ ಭಾಷೆಯಾಗಿ ದೊರೆತದ್ದು ಮರಾಠಿ. ಪುಣೆಯ ಚಾಪೇಕರ್ ಸಹೋದರರನ್ನು ಕುರಿತ ‘22 ಜೂನ್ 1897’ (1979) ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಪಾಲಿದೆ. ಕನ್ನಡದ ತೆರೆಗೆ ಬಂದದ್ದು 1978ರಲ್ಲಿ, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿಯಾಗಿ. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಬೆಂಗಳೂರಿನಲ್ಲಿ ಅವರು ಕಟ್ಟಿದ ‘ಸಂಕೇತ್’ ತಂಡ ಕಾರ್ನಾಡರ ‘ಅಂಜುಮಲ್ಲಿಗೆ’ಯ ಜೊತೆಗೆ ಜಯವಂತ ದಳವಿಯವರ ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’ದಂಥ ಮರಾಠಿ ನಾಟಕಗಳನ್ನೂ ಕನ್ನಡಕ್ಕೆ ತಂದಿತು. ಎರಡು ಭಾಷೆಗಳ ನಡುವಿನ ಈ ಓಡಾಟವನ್ನು ಪರಿಚಯ ಲೇಖನಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ನಿರ್ದೇಶಕನನ್ನು ಅರ್ಥಮಾಡಿಕೊಳ್ಳಲು ಅದು ಸಾಲದು.

ಗಂಡುಗಲಿ ಕೂಲಿಗೆ ಕತ್ತಿ ಹಿಡಿದ ಯೋಧ. ಅನ್ನ ಕೊಟ್ಟವನ ಋಣಕ್ಕೆ ಪ್ರಾಣವನ್ನೇ ಒಡ್ಡುವ ‘ಜೋಳವಾಳಿ’ಯ ನೀತಿ ಕನ್ನಡ ನಾಡಿನ ವೀರಗಲ್ಲುಗಳ ಹಿಂದಿನ ನೀತಿಯೂ ಹೌದು. ಆ ಋಣಕ್ಕೆ ಯೋಗ್ಯನಾದ ಒಡೆಯನೇ ಇಲ್ಲದಾಗ ವೀರನ ಗತಿ ಏನೆಂದು ಆ ಚಿತ್ರ ಕೇಳುತ್ತದೆ. ಎರಡು ವರ್ಷಗಳ ತರುವಾಯ, ವಿಜಯ್ ನಿರ್ದೇಶನದ ‘ಆಟೊ ರಾಜ’ (1980)ದಲ್ಲಿ ಅದೇ ನಟ ಬಾಡಿಗೆಗೆ ಆಟೊ ಓಡಿಸುವವನಾಗಿ ಬಂದರು. ಕಲಾಕೃತಿಗಳಾಗಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ದೇಹಶ್ರಮವನ್ನು ಮಾರಿಯೂ ಮಾನವನ್ನು ಮಾರದ ದುಡಿಮೆಗಾರ ಎಂಬ ಆಶಯ ಎರಡರಲ್ಲೂ ಇದೆ. ಜನರು ಎತ್ತಿಕೊಂಡದ್ದು ಎರಡನೆಯ ರೂಪವನ್ನು. ಕತ್ತಿಯ ಕಾಲ ಮುಗಿದಿತ್ತು, ಹ್ಯಾಂಡಲ್ ಅವರ ಕೈಯಲ್ಲೇ ಇತ್ತು.

ಆಟೊ ಚಾಲಕರ ನೆನಪಿನಲ್ಲಿ ‘ಆಟೊ ರಾಜ’ದ ಪಕ್ಕದಲ್ಲಿಯೇ ‘ಎಸ್.ಪಿ. ಸಾಂಗ್ಲಿಯಾನ’ (1988) ಇರುವುದು ಮೇಲ್ನೋಟಕ್ಕೆ ವಿಚಿತ್ರ. ದಿನಬೆಳಗಾದರೆ ಪೊಲೀಸರ ಕೈಗೆ ದಂಡ ಕಟ್ಟುವ ವೃತ್ತಿಯವರು ಪೊಲೀಸ್ ಅಧಿಕಾರಿಯ ವೇಷವನ್ನು ಏಕೆ ಮೆಚ್ಚಬೇಕು? ಎರಡೂ ಖಾಕಿಯೇ ಎಂಬುದನ್ನು ಗಮನಿಸಬೇಕು. ದುಡಿಯುವವನ ಖಾಕಿಯನ್ನು ತೊಟ್ಟವನೇ ದಂಡಿಸುವವನ ಖಾಕಿಯನ್ನೂ ತೊಟ್ಟಾಗ, ಅಧಿಕಾರ ಒಮ್ಮೆಯಾದರೂ ತಮ್ಮ ಕಡೆಯವನ ಕೈಗೆ ಬಂದಿತೆಂಬ ಸಮಾಧಾನ ಹುಟ್ಟುತ್ತದೆ. ಜನಪದ ಕಥೆಗಳ ಮಾರುವೇಷದ ಅರಸ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಇದನ್ನು ಬರಿಯ ತಾರಾಮೋಹವೆಂದು ಕರೆಯುವ ವಿಮರ್ಶೆ ಕೇಳುಗನನ್ನು ಬಿಟ್ಟು ಕಥೆಯನ್ನು ಮಾತ್ರ ಓದಿದಂತೆ.

ನಿರ್ದೇಶಕರಾಗಿ ಶಂಕರ್ ನಾಗ್ ಕಂಡ ರಸ್ತೆ ಬೇರೆಯದು. ಮೊದಲ ಚಿತ್ರ ‘ಮಿಂಚಿನ ಓಟ’ (1980)ದ ನಾಯಕರು ಕಾರುಗಳ್ಳರು. ಕಾರು ಅಲ್ಲಿ ಅನ್ಯರ ಸೊತ್ತು; ಓಟ ಕೊನೆಗೆ ಜೈಲಿನ ಗೋಡೆಯ ಕಡೆಗೆ ತಿರುಗುತ್ತದೆ. ‘ಆಕ್ಸಿಡೆಂಟ್’ (1985)ನಲ್ಲಿ ಈ ನೋಟ ಇನ್ನಷ್ಟು ಹರಿತವಾಗಿದೆ. ಮಾದಕದ್ರವ್ಯದ ಅಮಲಿನಲ್ಲಿದ್ದ ಉಳ್ಳವರ ಮಕ್ಕಳ ಕಾರು ರಾತ್ರಿ ರಸ್ತೆಬದಿಯಲ್ಲಿ ಮಲಗಿದ್ದ ಕೂಲಿಗಳ ಮೇಲೆ ಹರಿಯುತ್ತದೆ. ಒಬ್ಬನ ತಂದೆ ರಾಜಕಾರಣಿ. ಸಾವುಗಳನ್ನು ಮುಚ್ಚಿಹಾಕುವ ಯಂತ್ರ ತಾನಾಗಿಯೇ ಚಲಿಸತೊಡಗುತ್ತದೆ. ಹಾಡುಗಳಿಲ್ಲದ ಈ ಚಿತ್ರದಲ್ಲಿ ನಿರ್ದೇಶಕ ತಮಗಾಗಿ ಆರಿಸಿಕೊಂಡದ್ದು ಪತ್ರಕರ್ತನ ಪಾತ್ರ. ಹೊಡೆದಾಟದ ನಾಯಕನೆಂದು ಹೆಸರಾದವರು ತಮ್ಮದೇ ಚಿತ್ರದಲ್ಲಿ ಕೇಳುವವನಾಗಿ, ಬರೆದುಕೊಳ್ಳುವವನಾಗಿ ನಿಲ್ಲುತ್ತಾರೆ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಗಳ ವಿಭಾಗದಲ್ಲಿ ಇದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ‘ಆಟೊ ರಾಜ’ದಲ್ಲಿ ವಾಹನ ಅನ್ನ, ‘ಆಕ್ಸಿಡೆಂಟ್’ನಲ್ಲಿ ಅದು ಬಡವನ ನಿದ್ದೆಯ ಮೇಲೆ ಹಾಯುವ ಅಧಿಕಾರ. ನಟ ಮತ್ತು ನಿರ್ದೇಶಕ ಹೀಗೆ ಒಂದೇ ರಸ್ತೆಯ ಎರಡು ಬದಿಗಳಲ್ಲಿ ನಿಂತವರು. ಇವರನ್ನು ಪಾಲು ಮಾಡಿದರೆ ಕಳೆದುಹೋಗುವುದು ಆ ರಸ್ತೆಯೇ. ‘ಗೀತಾ’ (1981) ಜನಪ್ರಿಯವಾಯಿತು, ಅದರ ಹಾಡುಗಳು ಈಗಲೂ ಕಿವಿಯಲ್ಲಿವೆ. ಆದರೆ ಈ ನೋಟದ ಬಿಗಿ ಅದರಲ್ಲಿಲ್ಲ. ಸ್ಟೈನ್‌ಬೆಕ್ ಅವರ ‘ದಿ ಪರ್ಲ್’ ಆಧರಿಸಿ ರಾಜ್‌ಕುಮಾರ್ ಅವರೊಡನೆ ಮಾಡಿದ ‘ಒಂದು ಮುತ್ತಿನ ಕಥೆ’ (1987) ಮೂಲದ ಕಾಠಿಣ್ಯವನ್ನೂ ನಾಯಕನಟನ ವರ್ಚಸ್ಸನ್ನೂ ಒಟ್ಟಿಗೆ ಹೊರಲು ಹೋಗಿ ಬಳಲಿದ ಚಿತ್ರ.

ದ್ವಿಭಾಷಿಕತೆ ಫಲ ಕೊಟ್ಟದ್ದು ‘ಮಾಲ್ಗುಡಿ ಡೇಸ್’ನಲ್ಲಿ. ಟಿ.ಎಸ್. ನರಸಿಂಹನ್ ನಿರ್ಮಿಸಿದ, 1986ರಿಂದ ದೂರದರ್ಶನದಲ್ಲಿ ಬಂದ ಈ ಮಾಲೆಯ 39 ಕಂತುಗಳನ್ನು ಶಂಕರ್ ನಾಗ್ ನಿರ್ದೇಶಿಸಿದರು. ಆರ್.ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ, ಪ್ರಸಾರವಾದದ್ದು ಮುಖ್ಯವಾಗಿ ಹಿಂದಿಯಲ್ಲಿ, ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಮಾತು ಹಿಂದಿಯಾದರೂ ಜಗಲಿಯಲ್ಲಿ ಕೂರುವ ರೀತಿ, ಹಿರಿಯರೆದುರು ಮಕ್ಕಳು ನಿಲ್ಲುವ ರೀತಿ, ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ತಡೆದು ಮಾತಾಡುವ ರೀತಿ ಇವೆಲ್ಲ ಮಲೆನಾಡಿನವು. ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಅನಂತನಾಗ್, ರಮೇಶ್ ಭಟ್, ಬಾಲಕ ಮಂಜುನಾಥ್ ಮೊದಲಾದ ಕನ್ನಡದ ನಟರು ತಮ್ಮ ಉಚ್ಚಾರದ ಗುರುತನ್ನು ಅಳಿಸಿಕೊಳ್ಳದೆ ಹಿಂದಿ ಆಡಿದರು, ನಿರ್ದೇಶಕ ಅದನ್ನು ತಿದ್ದಲು ಹೋಗಲಿಲ್ಲ. ಮನೆಯಲ್ಲಿ ಒಂದು, ರಂಗದ ಮೇಲೆ ಇನ್ನೊಂದು, ತೆರೆಯ ಮೇಲೆ ಮತ್ತೊಂದು ಭಾಷೆ ಆಡಿದವರಿಗೆ ಊರು ನುಡಿಯಲ್ಲಿರುವಷ್ಟೇ ನಡೆಯಲ್ಲೂ ಇರುತ್ತದೆಂಬ ಅರಿವು ಸಹಜವಾಗಿ ಬಂದಿರಬೇಕು. ಕಾದಂಬರಿಕಾರನ ಕಲ್ಪನೆಯ ಊರಿಗೆ ಹೀಗೆ ನೆಲ ದೊರೆಯಿತು. ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವಾಯಿತು. ಪುರಾಣದ ಘಟನೆಗಳಿಗೆ ತಮ್ಮೂರ ಬೆಟ್ಟ, ಬಂಡೆಗಳನ್ನು ತೋರಿಸುವ ಸ್ಥಳೈತಿಹ್ಯದ ಕ್ರಮವೇ ಇಲ್ಲಿ ಧಾರಾವಾಹಿಯೊಂದಕ್ಕೆ ಒದಗಿಬಂದಿದೆ.

ಇನ್ನು ಐತಿಹ್ಯದ ಮಾತು. ಬೆಂಗಳೂರಿಗೆ ಮೆಟ್ರೊ ರೈಲು ಬೇಕೆಂದು ಮೊದಲು ಕನಸು ಕಂಡವರು ಶಂಕರ್ ನಾಗ್ ಎಂಬ ಕಥನ 2011ರ ಅಕ್ಟೋಬರ್‌ನಲ್ಲಿ ‘ನಮ್ಮ ಮೆಟ್ರೊ’ ಓಡತೊಡಗಿದ ಮೇಲಂತೂ ಮನೆಮಾತಾಗಿದೆ. ಲಂಡನ್ನಿಗೆ ಹೋಗಿ ನೋಡಿ ಬಂದರೆಂದು ಕೆಲವರು, ಯೋಜನೆಯನ್ನು ಸರ್ಕಾರದ ಮುಂದಿಟ್ಟರೆಂದು ಕೆಲವರು ಹೇಳುತ್ತಾರೆ. ನಂದಿ ಬೆಟ್ಟದ ರೋಪ್‌ವೇ, ಬಡವರಿಗೆ ಅಗ್ಗದ ಮನೆ ಇವೂ ಅದೇ ಕಥನದ ಕವಲುಗಳು. ಸತ್ತ ಮೇಲೆ ನಿದ್ರಿಸುವುದು ಇದ್ದೇ ಇದೆ ಎಂಬರ್ಥದ, ಅವರದೆಂದು ಹೇಳಲಾಗುವ ಮಾತು ಆಟೊಗಳ ಮೇಲೆ ಗಾದೆಯಂತೆ ಕಾಣಿಸುತ್ತದೆ. ಕೆರೆ ಕಟ್ಟಿಸಿದ, ದಾರಿ ಮಾಡಿಸಿದ ಪಾಳೆಯಗಾರನ ಐತಿಹ್ಯಗಳಲ್ಲಿ ಕಾಣುವ ‘ಕಟ್ಟುವ ವೀರ’ನ ಆಶಯ ಇಲ್ಲಿ ನಗರದ ವೇಷ ತೊಟ್ಟಿದೆ. ಇದಕ್ಕೆ ಬೀಜವಿಲ್ಲದಿಲ್ಲ. ಧ್ವನಿಮುದ್ರಣಕ್ಕೆ ಮದರಾಸನ್ನೇ ನೆಚ್ಚಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಎದ್ದದ್ದು ದಿಟವಾದ ಕಟ್ಟುವಿಕೆ. ನಟನ ಖಾಕಿಯೊಳಗೆ ಜನರು ಈ ಕಟ್ಟಾಳನ್ನು ಸೇರಿಸಿದ್ದರಲ್ಲಿ ವಿಮರ್ಶಕರಿಗಿಲ್ಲದ ಒಂದು ಸೂಕ್ಷ್ಮವಿದೆ.

ಆದರೆ ಐತಿಹ್ಯಕ್ಕೂ ತೆರಬೇಕಾದ ಬೆಲೆಯಿದೆ. ಅದಕ್ಕೆ ಒಬ್ಬನೇ ವೀರ ಬೇಕು. ‘ಸಂಕೇತ್’ ಒಂದು ತಂಡವಾಗಿತ್ತು; ‘ಮಾಲ್ಗುಡಿ ಡೇಸ್’ನ ಹಿಂದೆ ಕಲಾನಿರ್ದೇಶಕ ಜಾನ್ ದೇವರಾಜ್, ಸಂಗೀತದ ಎಲ್. ವೈದ್ಯನಾಥನ್, ರೇಖಾಚಿತ್ರಗಳ ಆರ್.ಕೆ. ಲಕ್ಷ್ಮಣ್ ಇದ್ದರು, ರಂಗಮಂದಿರದ ಯೋಚನೆ ‘ರಂಗಶಂಕರ’ವಾಗಿ 2004ರಲ್ಲಿ ಬಾಗಿಲು ತೆರೆದದ್ದು ಅರುಂಧತಿ ನಾಗ್ ಅವರ ವರ್ಷಗಟ್ಟಲೆ ದುಡಿಮೆಯಿಂದ. ಆಟೊ ಬೆನ್ನಿನ ಚಿತ್ರದಲ್ಲಿ ಇವರಾರಿಗೂ ಜಾಗವಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ರಸ್ತೆಯ ಬದುಕನ್ನು ಅಷ್ಟು ನಿಷ್ಠುರವಾಗಿ ಕಂಡ ‘ಆಕ್ಸಿಡೆಂಟ್’ ರಸ್ತೆಯಲ್ಲೇ ಬದುಕುವವರ ಕಥನದೊಳಗೆ ಬಂದೇ ಇಲ್ಲ.

1990ರ ಸೆಪ್ಟೆಂಬರ್ 30ರಂದು, ಚಂದ್ರಶೇಖರ ಕಂಬಾರರ ನಾಟಕವನ್ನಾಧರಿಸಿದ ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆ ಹೊರಟಿದ್ದ ಅವರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಿಂದ ಮರಣ ಹೊಂದಿದರು. ಭಾದ್ರಪದದಲ್ಲಿ ಹುಟ್ಟಿ, ಕೆಲವೇ ದಿನ ಮೆರೆದು, ಹುಣ್ಣಿಮೆಯ ಹೊತ್ತಿಗೆ ಹತನಾಗಿ ನಾಡಿಗೆ ಮಳೆಬೆಳೆ ತರುವ ಜೋಕುಮಾರನಿಗೂ 35 ತುಂಬಿ 36 ಮುಟ್ಟದೆ ಹೋದ ನಟನಿಗೂ ಸಂಬಂಧ ಕಲ್ಪಿಸುವ ಆಸೆ ಓದಿದವರಿಗೆ ಬಲು ಬೇಗ ಹುಟ್ಟುತ್ತದೆ. ಆಟೊ ನಿಲ್ದಾಣದ ಕಥನಗಳಲ್ಲಿ ಜೋಕುಮಾರನ ಸುಳಿವಿಲ್ಲ. ಅಲ್ಲಿ ಸಾವಿನ ಸುದ್ದಿಯೇ ಮೊಟಕು. ನವೆಂಬರ್ 9 ಬಂದರೆ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಆಟೊಗಳು ಸಿಂಗಾರಗೊಳ್ಳುತ್ತವೆ, ಕೆಲವು ಕಡೆ ದಾರಿಹೋಕರಿಗೆ ಊಟವನ್ನೂ ಬಡಿಸುತ್ತಾರೆ.